ನಲ್ಲಾರ್ಬರ್ ದಾರಿಯಲ್ಲಿ ತಣಿಯದ ಫ್ರಿಜ್: ಒಂದು ಕ್ಯಾರವಾನ್ ಪ್ರಯಾಣದ ಪ್ರಕರಣ ಅಧ್ಯಯನ

ಫೆಬ್ರವರಿ ತಿಂಗಳ ಮೊದಲ ವಾರದಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ನಲ್ಲಾರ್ಬರ್ ಬಯಲಿನ ಮೂಲಕ ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ಗೆ ಹೊರಟ ನಮ್ಮ ಕ್ಯಾರವಾನ್ (ವಾಹನದ ಹಿಂದೆ ಎಳೆದೊಯ್ಯುವ ಗಾಲಿಮನೆ) ಮೂರನೆಯ ದಿನದ ಸಂಜೆ ಎರಡೂ ರಾಜ್ಯಗಳ ಗಡಿಯಾಚೆಗಿನ ಯೂಕ್ಲಾ ತಲುಪಿದಾಗ ಫ್ರಿಜ್ಜಿನೊಳಗಿದ್ದ ಉಷ್ಣಮಾಪಕ 17 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಕಾಯಿಸಲು ಇಟ್ಟ ಹಾಲು ಒಡೆಯಿತು, ಹಿಂದಿನ ರಾತ್ರಿ ಮಾಡಿಟ್ಟಿದ್ದ ಹುಳಿಯ ಮೇಲೆ ಸಣ್ಣ ನೊರೆ ಕಟ್ಟಿತ್ತು, ಮೇಲಿನ ಪುಟ್ಟ ಫ್ರೀಜರ್‌ನಲ್ಲಿದ್ದ ಬಟಾಣಿಯ ಪೊಟ್ಟಣ ಕರಗಿ ಮೆತ್ತಗಾಗಿತ್ತು. ಫ್ರಿಜ್ಜಿನ ದೀಪ ಮಾತ್ರ ಇಡೀ ದಿನ ಉರಿಯುತ್ತಲೇ ಇತ್ತು. ಹನ್ನೆರಡು ವರ್ಷ ಹಳೆಯ ಫ್ರಿಜ್ ಕೆಟ್ಟಿದೆ, ಹೊಸದನ್ನು ಕೊಳ್ಳಬೇಕು ಎಂಬುದೇ ಆಗ ನಮ್ಮೆಲ್ಲರ ತೀರ್ಮಾನವಾಗಿತ್ತು. ಪರ್ತ್‌ನಲ್ಲಿ ಅಳತೆ ಮಾಡಿ ನೋಡಿದ ಮೇಲೆ ಫ್ರಿಜ್ಜಿನಲ್ಲಿ ಯಾವ ದೋಷವೂ ಇಲ್ಲವೆಂದು ತಿಳಿಯಿತು. ಅದಕ್ಕೆ ಬೇಕಾದ ವಿದ್ಯುತ್ ತಲುಪುತ್ತಿರಲಿಲ್ಲ, ಅದು ಹೊರಹಾಕಿದ ಶಾಖ ಹೊರಗೆ ಹೋಗುತ್ತಿರಲಿಲ್ಲ, ಅದರ ಶಕ್ತಿಗೆ ಮೀರಿದ ಬಿಸಿಯನ್ನು ನಾವೇ ಒಳಗೆ ಇಟ್ಟಿದ್ದೆವು. ಈ ಮೂರೂ ಒಂದೇ ದಿನ ಹೇಗೆ ಕೂಡಿಬಂದವು, ಅವುಗಳನ್ನು ಹೇಗೆ ಕಂಡುಹಿಡಿದೆವು, ಹಿಂದಿರುಗುವಾಗ ಏನು ಬದಲಾಯಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಹಿಡಿದ ದೋಷಗಳಲ್ಲಿ ಹೆಚ್ಚಿನವು ಬೇರೆ ಕ್ಯಾರವಾನ್‌ಗಳಲ್ಲಿಯೂ ಇರಬಹುದಾದವು ಎಂಬ ಕಾರಣಕ್ಕೆ ಅಂಕಿಗಳ ಸಮೇತ ಬರೆದಿದ್ದೇನೆ.

ಪ್ರಯಾಣದಲ್ಲಿ ನಾವು ನಾಲ್ವರಿದ್ದೆವು: ನಾನು, ನನ್ನ ಹೆಂಡತಿ, ಮಗಳು ಮತ್ತು ಹಾಸನದಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದ ನನ್ನ ತಾಯಿ. ಅಮ್ಮನಿಗೆ ಸಕ್ಕರೆ ಕಾಯಿಲೆಯಿರುವುದರಿಂದ ಊಟ ಹೊತ್ತಿಗೆ ಸರಿಯಾಗಿ ಆಗಬೇಕು, ಇನ್ನೂ ತೆರೆಯದ ಇನ್ಸುಲಿನ್ ಪೆನ್ನುಗಳು 2ರಿಂದ 8 ಡಿಗ್ರಿಯ ನಡುವೆ ಇರಬೇಕು. ಹೊರಗಿನ ತಿಂಡಿಯನ್ನು ನಂಬಿಕೊಂಡು ಹೋಗುವ ದಾರಿ ಇದಲ್ಲ. ಅಡಿಲೇಡ್‌ನಿಂದ ಪರ್ತ್‌ಗೆ ಸುಮಾರು 2,700 ಕಿ.ಮೀ. ಇದರಲ್ಲಿ ಸೆಡೂನಾ ಬಿಟ್ಟ ಮೇಲೆ ನಾರ್ಸ್‌ಮನ್ ಸಿಗುವವರೆಗಿನ ಸುಮಾರು 1,200 ಕಿ.ಮೀ. ಉದ್ದಕ್ಕೂ ರೋಡ್‌ಹೌಸ್‌ಗಳೇ, ಅಂದರೆ ಪೆಟ್ರೋಲ್, ಊಟ ಸಿಗುವ ದಾರಿಬದಿಯ ತಂಗುದಾಣಗಳೇ, ಆಸರೆ. ತರಕಾರಿ, ಹಾಲು, ಮೊಸರನ್ನು ಮನೆಗೆ ಕೊಳ್ಳುವಂತೆ ಕೊಳ್ಳಲು ಅಂಗಡಿಗಳಿಲ್ಲ.

ಇದರ ಜೊತೆಗೆ ಗಡಿಯ ಕಟ್ಟುಪಾಡೂ ಇದೆ. ಪಶ್ಚಿಮ ಆಸ್ಟ್ರೇಲಿಯಾ ತನ್ನ ಬೆಳೆಗಳಿಗೆ ಹೊರಗಿನ ಕೀಟ, ರೋಗಗಳು ಬರದಂತೆ ಬಾರ್ಡರ್ ವಿಲೇಜ್ ಎಂಬಲ್ಲಿ ಪ್ರತಿ ವಾಹನವನ್ನೂ ತಪಾಸಣೆ ಮಾಡುತ್ತದೆ. ತಾಜಾ ಹಣ್ಣು, ತರಕಾರಿ, ಜೇನುತುಪ್ಪವನ್ನು ಅಲ್ಲಿಯೇ ಒಪ್ಪಿಸಿ ಮುಂದೆ ಹೋಗಬೇಕು. ಕರಿಬೇವು, ಕೊತ್ತಂಬರಿಯನ್ನೂ ಕೊಂಡೊಯ್ಯುವಂತಿಲ್ಲ. ಪೂರ್ವಕ್ಕೆ ಹಿಂದಿರುಗುವವರಿಗೆ ಇದೇ ರೀತಿಯ ತಪಾಸಣೆ ಸೆಡೂನಾದಲ್ಲಿ ನಡೆಯುತ್ತದೆ. ಆದ್ದರಿಂದ ಸೆಡೂನಾದ ಕ್ಯಾರವಾನ್ ಪಾರ್ಕ್‌ನಲ್ಲಿ ಉಳಿದ ರಾತ್ರಿಯೇ ಇದ್ದ ತರಕಾರಿಯನ್ನೆಲ್ಲ ಬೇಯಿಸಿ, ಮೂರು ದಿನಕ್ಕೆ ಆಗುವಷ್ಟು ಹುಳಿ, ಪಲ್ಯಗಳನ್ನು ಮಾಡಿ ಫ್ರಿಜ್ಜಿಗೆ ತುಂಬಿಸಿದೆವು. ಯೋಜನೆಯಲ್ಲಿ ತಪ್ಪಿರಲಿಲ್ಲ, ಆದರೆ ಆ ಯೋಜನೆಯ ಪೂರ್ತಿ ಭಾರ 90 ಲೀಟರಿನ ಆ ಪೆಟ್ಟಿಗೆಯ ಮೇಲೆ ಬಿದ್ದಿತ್ತು.

ಕಾರಣಗಳಿಗೆ ಹೋಗುವ ಮೊದಲು ಈ ಫ್ರಿಜ್ ಕೆಲಸ ಮಾಡುವ ಬಗೆಯನ್ನು ತಿಳಿದುಕೊಳ್ಳುವುದು ಅಗತ್ಯ. ಮನೆಯ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇರುತ್ತದೆ. ನಮ್ಮದು ಕಂಪ್ರೆಸರ್ ಇಲ್ಲದ, ಕ್ಯಾರವಾನ್ ಜನ ತ್ರೀ-ವೇ ಎಂದು ಕರೆಯುವ ಹೀರಿಕೆ ಬಗೆಯದು. ಸ್ಟಾಕ್‌ಹೋಮ್‌ನಲ್ಲಿ ಓದುತ್ತಿದ್ದ ಬಾಲ್ಟ್‌ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1922ರಲ್ಲಿ ರೂಪಿಸಿದ ತತ್ವವೇ ಇಂದಿಗೂ ಇದರಲ್ಲಿ ನಡೆಯುತ್ತಿದೆ. ಅಮೋನಿಯಾ ಬೆರೆತ ನೀರನ್ನು ಒಂದು ಸಣ್ಣ ಕೊಳವೆಯಲ್ಲಿ ಕಾಯಿಸಿದಾಗ ಅಮೋನಿಯಾ ಆವಿಯಾಗಿ ಮೇಲೇರುತ್ತದೆ. ಹಿಂಬದಿಯ ರೆಕ್ಕೆಗಳಲ್ಲಿ ಅದು ತನ್ನ ಶಾಖ ಕಳೆದುಕೊಂಡು ದ್ರವವಾಗುತ್ತದೆ. ಆಮೇಲೆ ಹೈಡ್ರೋಜನ್ ತುಂಬಿದ ಭಾಗಕ್ಕೆ ಹರಿದು ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಕಾಯಿಸಲು ಬೇಕಾದ ಶಾಖ ಎಲ್‌ಪಿಜಿ ಜ್ವಾಲೆಯಿಂದಲಾದರೂ ಬರಬಹುದು, 240 ವೋಲ್ಟ್ ವಿದ್ಯುತ್ತಿನಿಂದಲಾದರೂ ಬರಬಹುದು, ಪ್ರಯಾಣದಲ್ಲಿ ವಾಹನದ 12 ವೋಲ್ಟ್‌ನಿಂದಲಾದರೂ ಬರಬಹುದು. ಮೂರು ದಾರಿ ಎಂಬ ಹೆಸರು ಬಂದಿದ್ದು ಇದರಿಂದಲೇ. ಚಲಿಸುವ ಭಾಗವೊಂದೂ ಇಲ್ಲ, ಸದ್ದಿಲ್ಲ, ಹತ್ತಾರು ವರ್ಷ ಬಾಳುತ್ತದೆ. ಆದರೆ ಕಾಯಿಸುವ ಶಾಖ ಕಡಿಮೆಯಾದರೆ, ಇಲ್ಲವೇ ಹಿಂಬದಿಯ ರೆಕ್ಕೆಗಳಿಂದ ಶಾಖ ಹೊರಹೋಗದಿದ್ದರೆ, ಈ ಯಂತ್ರಕ್ಕೆ ಬೇರೆ ಉಪಾಯವೇ ಇರುವುದಿಲ್ಲ.

ಮೊದಲ ಎರಡು ದಿನ ತೊಂದರೆ ಏಕೆ ಕಾಣಲಿಲ್ಲ ಎಂಬುದು ನ್ಯಾಯವಾದ ಪ್ರಶ್ನೆ. ಅಡಿಲೇಡ್‌ನಿಂದ ಪೋರ್ಟ್ ಆಗಸ್ಟಾ ದಾಟಿ ಕಿಂಬಾದವರೆಗಿನ ಮೊದಲ ದಿನ ಹೊರಗಿನ ಬಿಸಿ 28 ಡಿಗ್ರಿಯಷ್ಟೇ ಇತ್ತು. ಮನೆಯಲ್ಲಿ ಒಂದು ಹಗಲು ಒಂದು ರಾತ್ರಿ 240 ವೋಲ್ಟ್‌ನಲ್ಲಿ ತಣಿದ ಫ್ರಿಜ್ ತನ್ನ ಒಳಗಿನ ತಂಪನ್ನೇ ಹಿಡಿದುಕೊಂಡಿತ್ತು. ಎರಡನೆಯ ದಿನ ಸೆಡೂನಾಕ್ಕೆ ಹೋದದ್ದು ಸುಮಾರು 310 ಕಿ.ಮೀ. ಮಾತ್ರ. ಎರಡೂ ರಾತ್ರಿ ಕ್ಯಾರವಾನ್ ಪಾರ್ಕ್‌ನ ವಿದ್ಯುತ್ ಸಿಕ್ಕಿ ಹಗಲಿನ ನಷ್ಟ ತುಂಬಿಹೋಗುತ್ತಿತ್ತು. ಹಾಲಿನ ಡಬ್ಬಿಯನ್ನು ಮುಟ್ಟಿ ನೋಡಿ ತಂಪಿದೆ ಎಂದುಕೊಂಡೆವು. 4 ಡಿಗ್ರಿಗೂ 9 ಡಿಗ್ರಿಗೂ ಇರುವ ವ್ಯತ್ಯಾಸ ಕೈಗೆ ಗೊತ್ತಾಗುವುದಿಲ್ಲ, ಆದರೆ ಆಹಾರದ ಮಟ್ಟಿಗೆ ಆ ವ್ಯತ್ಯಾಸವೇ ಎಲ್ಲ. ಸೆಡೂನಾದಿಂದ ಹೊರಡುವ ಬೆಳಿಗ್ಗೆ ನನ್ನ ಹೆಂಡತಿ ಅಡುಗೆಯ ಉಷ್ಣಮಾಪಕವನ್ನು ಫ್ರಿಜ್ಜಿನಲ್ಲಿಟ್ಟು ನೋಡಿದಾಗ 9 ಡಿಗ್ರಿ ಇತ್ತು. ದಾರಿಯಲ್ಲಿ ಇಳಿಯಬಹುದೆಂದು ಹೊರಟೆವು. ಅಂದು ಹೊರಗೆ 41 ಡಿಗ್ರಿ ಬಿಸಿಲಿತ್ತು, ದಾರಿ ಸುಮಾರು 490 ಕಿ.ಮೀ. ಇತ್ತು.

ಯೂಕ್ಲಾದಲ್ಲಿ ಯಾವುದನ್ನು ಉಳಿಸಿಕೊಳ್ಳುವುದು, ಯಾವುದನ್ನು ಚೆಲ್ಲುವುದು ಎಂಬುದನ್ನು ನಿರ್ಧರಿಸಬೇಕಾಯಿತು. ಬೇಗ ಕೆಡುವ ಆಹಾರ 5 ಡಿಗ್ರಿಯೊಳಗೆ ಇರಬೇಕು, 5ರಿಂದ 60 ಡಿಗ್ರಿಯ ನಡುವೆ ಒಟ್ಟು ಎರಡು ಗಂಟೆಗಿಂತ ಕಡಿಮೆ ಇದ್ದರೆ ಮತ್ತೆ ತಣಿಸಿಡಬಹುದು, ಎರಡರಿಂದ ನಾಲ್ಕು ಗಂಟೆಯಾಗಿದ್ದರೆ ಕೂಡಲೇ ತಿಂದು ಮುಗಿಸಬೇಕು, ನಾಲ್ಕು ಮೀರಿದರೆ ಎಸೆಯಬೇಕು ಎಂಬುದು ಆಸ್ಟ್ರೇಲಿಯಾದಲ್ಲಿ ಪಾಲಿಸುವ ನಿಯಮ. ಈ ಲೆಕ್ಕ ಹಾಕುವಾಗ ಫೋನಿನ ಗಡಿಯಾರವನ್ನು ನಂಬುವಂತಿರಲಿಲ್ಲ, ಏಕೆಂದರೆ ಗಡಿ ದಾಟುವಾಗ ಸಮಯ ಬದಲಾಗುತ್ತದೆ, ಯೂಕ್ಲಾ ಸುತ್ತಲಿನವರಂತೂ ಪರ್ತ್‌ಗಿಂತ 45 ನಿಮಿಷ ಮುಂದಿರುವ ತಮ್ಮದೇ ಸಮಯವನ್ನು ಪಾಲಿಸುತ್ತಾರೆ. ಹೊರಟ ಕ್ಷಣದಿಂದ ಎಣಿಸಿದರೆ ನಾಲ್ಕು ಗಂಟೆ ಎಂದೋ ಮೀರಿತ್ತು. ಹುಳಿ, ಪಲ್ಯ, ಹಾಲು ಎಲ್ಲವನ್ನೂ ಚೆಲ್ಲಿದೆವು. "ಒಂದ್ಸಲ ಚೆನ್ನಾಗಿ ಕುದಿಸಿದ್ರೆ ಆಗಲ್ವಾ ಮಗಾ, ಮಾಡಿದ ಅಡುಗೆ ಚೆಲ್ಲೋದಾ?" ಎಂದು ಅಮ್ಮ ಎರಡು ಬಾರಿ ಕೇಳಿದರು. ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಅವುಗಳಲ್ಲಿ ಕೆಲವು ಬಿಟ್ಟ ವಿಷ ಕುದಿಯುವ ಬಿಸಿಗೂ ಅಳಿಯುವುದಿಲ್ಲ. ವಯಸ್ಸಾದವರು ಮತ್ತು ಮಗು ಇರುವ, ಆಸ್ಪತ್ರೆ ನೂರಾರು ಕಿ.ಮೀ. ದೂರವಿರುವ ಜಾಗದಲ್ಲಿ ಆ ಪ್ರಯೋಗ ಬೇಡವೆಂಬ ನನ್ನ ನಿರ್ಧಾರ ಸರಿಯಾಗಿತ್ತು ಎಂದೇ ಈಗಲೂ ನಂಬಿದ್ದೇನೆ. ಇನ್ಸುಲಿನ್ ಮಾತ್ರ ಕೆಟ್ಟಿರಲಿಲ್ಲ. ಫೋನಿನಲ್ಲಿ ವಿಚಾರಿಸಿದಾಗ, ಆ ಪೆನ್ನುಗಳು 25 ಡಿಗ್ರಿಗಿಂತ ಕೆಳಗೇ ಇದ್ದುದರಿಂದ ಅಂದಿನ ದಿನಾಂಕ ಬರೆದಿಟ್ಟು ನಾಲ್ಕು ವಾರದೊಳಗೆ ಬಳಸಬಹುದೆಂದು ಔಷಧಿ ಅಂಗಡಿಯವರು ತಿಳಿಸಿದರು.

ಪರ್ತ್‌ನಲ್ಲಿ ಮೊದಲು ಮಾಡಿದ ಕೆಲಸ ಅಳತೆ. ಫ್ರಿಜ್ಜಿಗೆ 240 ವೋಲ್ಟ್ ಕೊಟ್ಟು ಖಾಲಿ ಬಿಟ್ಟಾಗ ಒಂದು ರಾತ್ರಿಯಲ್ಲಿ 3 ಡಿಗ್ರಿಗೆ ಇಳಿಯಿತು. ಅಂದರೆ ತಣಿಸುವ ಭಾಗ ಆರೋಗ್ಯವಾಗಿದೆ. ಬಾಗಿಲಿನ ರಬ್ಬರಿಗೆ ಕಾಗದದ ಪಟ್ಟಿ ಸಿಕ್ಕಿಸಿ ಎಳೆದು ನೋಡಿದಾಗ ಎಲ್ಲ ಕಡೆಯೂ ಬಿಗಿಯಾಗಿತ್ತು. ಉಳಿದದ್ದು 12 ವೋಲ್ಟ್‌ನ ದಾರಿ. ಅರ್ಧ ಗಂಟೆ ವಾಹನ ಓಡಿಸಿ, ಎಂಜಿನ್ ಚಾಲನೆಯಲ್ಲಿರುವಾಗಲೇ ನಿಲ್ಲಿಸಿ ಮಲ್ಟಿಮೀಟರ್ ಹಿಡಿದಾಗ ವಾಹನದ ಬ್ಯಾಟರಿಯಲ್ಲಿ 12.3 ವೋಲ್ಟ್ ಇತ್ತು, ಕ್ಯಾರವಾನಿನಲ್ಲಿ ಫ್ರಿಜ್ಜಿನ ತುದಿಯಲ್ಲಿ 10.1 ವೋಲ್ಟ್ ಮಾತ್ರ ಇತ್ತು. ತಂತಿಯಲ್ಲಿ ಹರಿಯುತ್ತಿದ್ದುದು 11.9 ಆಂಪಿಯರ್. ಎರಡನ್ನೂ ಗುಣಿಸಿದರೆ 120 ವ್ಯಾಟ್. ಫ್ರಿಜ್ಜಿನ ಫಲಕದ ಮೇಲೆ ಬರೆದಿದ್ದುದು 170 ವ್ಯಾಟ್.

ಈ ಕೊರತೆಗೆ ಎರಡು ಮೂಲಗಳಿದ್ದವು. ಮೊದಲನೆಯದು ವಾಹನದ್ದು. ಹೊಸ ವಾಹನಗಳ ಆಲ್ಟರ್ನೇಟರ್ (ಎಂಜಿನ್ನಿನಿಂದ ತಿರುಗಿ ವಿದ್ಯುತ್ ಹುಟ್ಟಿಸುವ ಯಂತ್ರ) ಇಂಧನ ಉಳಿಸಲೆಂದು, ಬ್ಯಾಟರಿ ತುಂಬಿದ ಕೂಡಲೇ ತನ್ನ ವೋಲ್ಟೇಜನ್ನು ಇಳಿಸಿಬಿಡುತ್ತದೆ. ಹಳೆಯ ವಾಹನಗಳಲ್ಲಿ ಅದು ಸುಮಾರು 13.8ರಿಂದ 14ರ ಆಸುಪಾಸಿನಲ್ಲಿ ಸ್ಥಿರವಾಗಿರುತ್ತಿತ್ತು. ನಮ್ಮ ವಾಹನದಲ್ಲಿ ಹೆಡ್‌ಲೈಟ್ ಹಾಕಿದರೆ ವೋಲ್ಟೇಜ್ 13.8ಕ್ಕೆ ಏರುವುದನ್ನೂ, ಆಗ ಫ್ರಿಜ್ಜಿನ ತುದಿಯಲ್ಲಿ 11.3 ಬರುವುದನ್ನೂ ಕಂಡೆ. ಎಲ್ಲ ವಾಹನಗಳೂ ಹೀಗೆ ವರ್ತಿಸುವುದಿಲ್ಲವಾದ್ದರಿಂದ ಇದನ್ನು ಪರಿಹಾರವೆಂದು ಹೇಳಲಾರೆ, ಆದರೆ ರೋಗದ ಗುರುತಾಗಿ ಇದು ಉಪಯೋಗಕ್ಕೆ ಬಂತು.

ಎರಡನೆಯ ಮೂಲ ತಂತಿ. ವಾಹನದ ಮುಂಭಾಗದ ಬ್ಯಾಟರಿಯಿಂದ ಕ್ಯಾರವಾನಿನ ಮಧ್ಯದಲ್ಲಿರುವ ಫ್ರಿಜ್ಜಿಗೆ ಸುಮಾರು 9 ಮೀಟರ್, ಹೋಗಿ ಬರುವ ತಂತಿ ಸೇರಿ 18 ಮೀಟರ್. ಅಲ್ಲಿದ್ದುದು 2 ಚದರ ಮಿ.ಮೀ.ನಷ್ಟು ತಾಮ್ರವಿರುವ ತಂತಿ. ವಾಹನಕ್ಕೆ ಟ್ರೇಲರ್ ಪ್ಲಗ್ ಜೋಡಿಸಿಕೊಟ್ಟ ಕಾರ್ಯಾಗಾರದವರು ಅದನ್ನು ದೀಪಗಳಿಗೆ ಬಳಸುವ ತಂತಿಯಿಂದಲೇ ಎಳೆದಿದ್ದರು. ಇಲ್ಲೊಂದು ಮೋಸವಿದೆ: ಆಸ್ಟ್ರೇಲಿಯಾದ ಅಂಗಡಿಗಳಲ್ಲಿ 4 ಮಿ.ಮೀ. ಆಟೋ ಕೇಬಲ್ ಎಂದು ಮಾರುವ ತಂತಿಯಲ್ಲಿ ಆ 4 ಎಂಬುದು ಮೇಲಿನ ಪ್ಲಾಸ್ಟಿಕ್ ಸೇರಿದ ದಪ್ಪವನ್ನು ಹೇಳುತ್ತದೆಯೇ ಹೊರತು ಒಳಗಿನ ತಾಮ್ರವನ್ನಲ್ಲ. 6 ಮಿ.ಮೀ. ಎಂದು ಮಾರುವುದರಲ್ಲಿಯೂ ತಾಮ್ರ 4.6 ಚದರ ಮಿ.ಮೀ.ನಷ್ಟೇ ಇರುತ್ತದೆ. ತಂತಿ ಮತ್ತು ಪ್ಲಗ್ಗಿನ ಕಡ್ಡಿಗಳು ಸೇರಿ ಎರಡು ವೋಲ್ಟ್‌ಗೂ ಹೆಚ್ಚನ್ನು ನುಂಗುತ್ತಿದ್ದವು. ಪ್ಲಗ್ಗನ್ನು ಬಿಚ್ಚಿ ಮುಟ್ಟಿದಾಗ ಒಂದು ಕಡ್ಡಿ ಬೆರಳು ಇಡಲಾಗದಷ್ಟು ಬಿಸಿಯಾಗಿತ್ತು, ಅದರ ಸುತ್ತಲಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಅಂಚಿನಲ್ಲಿ ಸ್ವಲ್ಪ ಮಣಿದಿತ್ತು. ಫ್ರಿಜ್ಜಿನ ಕೊಳವೆಯನ್ನು ಕಾಯಿಸಬೇಕಾದ ಶಾಖ ಅಲ್ಲಿ ಖರ್ಚಾಗುತ್ತಿತ್ತು.

ಕಾಯಿಸುವ ಸುರುಳಿಯಲ್ಲಿ ಹುಟ್ಟುವ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 12 ವೋಲ್ಟ್‌ನ ಜಾಗದಲ್ಲಿ 10.1 ಸಿಕ್ಕರೆ ಶಾಖ 70 ಪ್ರತಿಶತಕ್ಕೆ ಇಳಿಯುತ್ತದೆ. ತಂಪು ಇನ್ನೂ ಹೆಚ್ಚು ಕುಸಿಯುತ್ತದೆ, ಏಕೆಂದರೆ ಅಮೋನಿಯಾದ ನೀರನ್ನು ಗುಳ್ಳೆಗಳ ಬಲದಿಂದ ಮೇಲೆತ್ತುವ ಸಣ್ಣ ಕೊಳವೆಗೆ ಒಂದು ಮಟ್ಟದ ಬಿಸಿ ಬೇಕೇ ಬೇಕು. ಅದಕ್ಕಿಂತ ಕೆಳಗೆ ಹೋದರೆ ಗುಳ್ಳೆಗಳು ಏಳುತ್ತವೆ, ನೀರು ಮೇಲೇರುವುದಿಲ್ಲ. ದೀಪ ಉರಿಯುತ್ತಿದ್ದರೂ ಫ್ರಿಜ್ ತಣಿಯದೆ ಇದ್ದುದರ ಗುಟ್ಟು ಇದೇ.

ಇನ್ನು ಹಿಂಬದಿಯ ಗಾಳಿ. ಕ್ಯಾರವಾನಿನ ಹೊರಗೋಡೆಯಲ್ಲಿ ಕೆಳಗೊಂದು, ಮೇಲೊಂದು ಜಾಲರಿ ಕಿಂಡಿಯಿರುತ್ತದೆ. ಕೆಳಗಿನಿಂದ ತಂಪು ಗಾಳಿ ಒಳಬಂದು, ರೆಕ್ಕೆಗಳ ಶಾಖ ಹೊತ್ತು ಮೇಲಿನಿಂದ ಹೊರಹೋಗಬೇಕು. ಮೇಲಿನ ಜಾಲರಿ ತೆಗೆದಾಗ ಅದರ ಹಿಂದೆ ಕಣಜ ಕಟ್ಟಿದ ಮಣ್ಣಿನ ಗೂಡು ಬೆರಳುದ್ದದ ಕೊಳವೆಗಳಂತೆ ಸಾಲಾಗಿ ಅಂಟಿಕೊಂಡು ಅರ್ಧದಷ್ಟು ದಾರಿಯನ್ನು ಮುಚ್ಚಿತ್ತು. ಜೊತೆಗೆ ರೆಕ್ಕೆಗಳಿಗೂ ಗೋಡೆಗೂ ನಡುವೆ 8 ಸೆಂ.ಮೀ. ಖಾಲಿ ಜಾಗವಿದ್ದು, ಬರುವ ಗಾಳಿ ರೆಕ್ಕೆಗಳನ್ನು ಮುಟ್ಟದೆ ಆ ಖಾಲಿ ಜಾಗದಲ್ಲೇ ಏರಿಹೋಗುತ್ತಿತ್ತು. ಇನ್ನೊಂದು ಸಂಗತಿ ನನಗೆ ಹೊಳೆದದ್ದು ಹಿಂದಿರುಗುವ ದಿನ. ದಕ್ಷಿಣ ಗೋಳಾರ್ಧದಲ್ಲಿ ನಡುಹಗಲಿನ ಸೂರ್ಯ ಉತ್ತರಕ್ಕಿರುತ್ತಾನೆ. ಪಶ್ಚಿಮಕ್ಕೆ ಸಾಗುವಾಗ ಉತ್ತರ ನಮ್ಮ ಬಲಕ್ಕೆ ಬರುತ್ತದೆ, ನಮ್ಮ ಫ್ರಿಜ್ ಇರುವುದು ಬಲಗೋಡೆಯಲ್ಲಿ. ಅಂದು ನಡುಹಗಲಿನ ಬಿಸಿಲು ನೇರವಾಗಿ ಆ ಕಿಂಡಿಗಳ ಮೇಲೆಯೇ ಬಿದ್ದಿತ್ತು.

ಮೂರನೆಯ ಕಾರಣ ನಮ್ಮ ಅಡುಗೆಯ ಪಾತ್ರೆ. ಸೆಡೂನಾದಲ್ಲಿ ರಾತ್ರಿ ಹತ್ತೂವರೆಗೆ ಇನ್ನೂ 50 ಡಿಗ್ರಿಯಷ್ಟು ಬಿಸಿಯಿದ್ದ 4 ಲೀಟರ್ ಹುಳಿಯನ್ನು ಫ್ರಿಜ್ಜಿಗೆ ಇಟ್ಟೆವು. ಅದನ್ನು 5 ಡಿಗ್ರಿಗೆ ತರಲು 750 ಕಿಲೋಜೂಲ್ ಶಾಖ ಹೊರಹೋಗಬೇಕು. ಗೋಡೆಗಳಿಂದ ಸೋರುವ ಬಿಸಿಯನ್ನು ಕಳೆದು ಈ ಗಾತ್ರದ ಫ್ರಿಜ್ಜಿಗೆ 25 ವ್ಯಾಟ್‌ನಷ್ಟು ತಣಿಸುವ ಶಕ್ತಿ ಉಳಿಯುತ್ತದೆಂದು ಹಿಡಿದರೂ, ಅಷ್ಟಕ್ಕೇ ಎಂಟು ಗಂಟೆಗಿಂತ ಹೆಚ್ಚು ಬೇಕು. ಪಲ್ಯದ ಡಬ್ಬಿಗಳು, ಹೊಸದಾಗಿ ಕೊಂಡ ಹಾಲು ಬೇರೆ. ಬೆಳಿಗ್ಗೆ ಕಂಡ 9 ಡಿಗ್ರಿಯ ಹಿಂದೆ ಇದ್ದದ್ದು ಈ ಲೆಕ್ಕ. ಆ ರಾತ್ರಿ ಅಮ್ಮ, ಪಾತ್ರೆಯನ್ನು ಮೊದಲು ಅಗಲವಾದ ತಣ್ಣೀರಿನ ಬೇಸಿನ್ನಿನಲ್ಲಿ ಇಡಬೇಕೆಂದು ಹೇಳಿದ್ದರು. ಊರಿನ ಮನೆಯಲ್ಲಿ ಫ್ರಿಜ್ ಬರುವ ಮೊದಲು ರಾತ್ರಿಯ ಹಾಲನ್ನು ಅವರು ಹಾಗೆಯೇ ಕಾಪಾಡುತ್ತಿದ್ದರು. ಹೊತ್ತಾಯಿತೆಂದು ನಾವು ಕೇಳಲಿಲ್ಲ. ಹಿಂದಿರುಗುವಾಗ ಅದನ್ನೇ ಮಾಡಿದೆವು: ಬೇಸಿನ್ನಿನ ನೀರನ್ನು ಎರಡು ಬಾರಿ ಬದಲಿಸಿ, ನಡುನಡುವೆ ಸೌಟಿನಿಂದ ಕದಡಿದಾಗ, ಒಲೆಯಿಂದ ಇಳಿಸಿದ ಹುಳಿ ಮುಕ್ಕಾಲು ಗಂಟೆಯೊಳಗೆ 30 ಡಿಗ್ರಿಗೆ ಇಳಿಯಿತು. ಫ್ರಿಜ್ ಮಾಡಬೇಕಿದ್ದ ಕೆಲಸದ ದೊಡ್ಡ ಪಾಲನ್ನು ಕೊಳಾಯಿ ನೀರು ಪುಕ್ಕಟೆಯಾಗಿ ಮಾಡಿಕೊಟ್ಟಿತು.

ದುರಸ್ತಿಯಲ್ಲಿ ಮೊದಲ ಸ್ಥಾನ ತಂತಿಗೆ. ವಾಹನದ ಬ್ಯಾಟರಿಯಿಂದ ಫ್ರಿಜ್ಜಿನವರೆಗೆ 13.5 ಚದರ ಮಿ.ಮೀ. ತಾಮ್ರದ ಜೋಡಿ ತಂತಿಯನ್ನು, ಬ್ಯಾಟರಿಯ ಪಕ್ಕದಲ್ಲೇ 40 ಆಂಪಿಯರ್ ಫ್ಯೂಸ್ ಇಟ್ಟು ಎಳೆಸಿದೆ. ವಿದ್ಯುತ್ ಹಿಂದಿರುಗುವ ನೆಲದ ತಂತಿಯನ್ನೂ ಅಷ್ಟೇ ದಪ್ಪದ್ದು ಹಾಕಿಸಿದೆ. ಅದನ್ನು ಚಾಸಿಗೆ, ಅಂದರೆ ವಾಹನದ ಲೋಹದ ಚೌಕಟ್ಟಿಗೆ, ಬಿಟ್ಟರೆ ಅರ್ಧ ಕೆಲಸವಷ್ಟೇ ಆದಂತೆ. ಕೊಂಡಿಯ ಬಳಿ ಟ್ರೇಲರ್ ಪ್ಲಗ್ಗಿನ ಬದಲು ಹೆಚ್ಚು ವಿದ್ಯುತ್ ಹರಿಸಬಲ್ಲ, 50 ಆಂಪಿಯರ್‌ನ ಆಂಡರ್ಸನ್ ಪ್ಲಗ್ ಬಂತು. ಎಂಜಿನ್ ನಿಂತಾಗ ಸಂಪರ್ಕ ಕಡಿಯುವ ರಿಲೇ ಕೂಡ ಸೇರಿಸಿದೆ, ಏಕೆಂದರೆ 14 ಆಂಪಿಯರ್ ಎಳೆಯುವ ಸುರುಳಿ ಊಟಕ್ಕೆ ನಿಂತ ಕೆಲವೇ ಗಂಟೆಗಳಲ್ಲಿ ಸ್ಟಾರ್ಟರ್ ಬ್ಯಾಟರಿಯನ್ನು ಬರಿದು ಮಾಡಬಲ್ಲದು. ಇದಾದ ಮೇಲೆ ವಾಹನದಲ್ಲಿ ಅದೇ 12.3 ವೋಲ್ಟ್ ಇದ್ದಾಗ ಫ್ರಿಜ್ಜಿನ ತುದಿಯಲ್ಲಿ 11.9 ಬಂತು, ಶಕ್ತಿ 167 ವ್ಯಾಟ್‌ಗೆ ಏರಿತು. ಕಣಜದ ಗೂಡನ್ನು ಕೆರೆದು ತೆಗೆದು, ಖಾಲಿ ಜಾಗಕ್ಕೆ ಅಲ್ಯೂಮಿನಿಯಂ ತಗಡು ಬಾಗಿಸಿ ಕೂರಿಸಿ, ಗಾಳಿ ರೆಕ್ಕೆಗಳ ನಡುವೆಯೇ ಹಾಯುವಂತೆ ಮಾಡಿದೆ. ಮೇಲಿನ ಕಿಂಡಿಯ ಬಳಿ ಕಂಪ್ಯೂಟರಿನಲ್ಲಿ ಬಳಸುವಂಥ 120 ಮಿ.ಮೀ. ಫ್ಯಾನುಗಳೆರಡು, ರೆಕ್ಕೆಗಳು 40 ಡಿಗ್ರಿ ದಾಟಿದಾಗ ತಾವಾಗಿಯೇ ತಿರುಗುತ್ತವೆ. ಪ್ರಯಾಣದಲ್ಲಿ ಗ್ಯಾಸಿನ ಮೇಲೆ ನಡೆಸಬಹುದಲ್ಲ ಎಂದು ಕೆಲವರು ಸಲಹೆ ಕೊಟ್ಟರು. ಪೆಟ್ರೋಲ್ ಬಂಕಿಗೆ ತೆರೆದ ಜ್ವಾಲೆ ಹೊತ್ತು ಹೋಗುವ ಅಪಾಯವಿರುವುದರಿಂದ ನಾನು ಅದನ್ನು ಒಪ್ಪಲಿಲ್ಲ. ಗ್ಯಾಸ್ ಬಳಕೆ ವಾಹನ ನಿಂತಾಗ ಮಾತ್ರ, ಅದೂ ಕ್ಯಾರವಾನ್ ಸಮತಟ್ಟಾಗಿ ನಿಂತಿರುವಾಗ.

ಹಿಂದಿರುಗುವ ಪ್ರಯಾಣದಲ್ಲಿ ಫ್ರಿಜ್ಜಿನೊಳಗೆ ಎರಡು ನಿಸ್ತಂತು ಉಷ್ಣಮಾಪಕಗಳನ್ನಿಟ್ಟು, ಅಂಕಿಗಳನ್ನು ವಾಹನದೊಳಗೆ ಮಗಳು ಗಂಟೆಗೊಮ್ಮೆ ಬರೆದುಕೊಳ್ಳುತ್ತಿದ್ದಳು. ನಾರ್ಸ್‌ಮನ್‌ನ ಕ್ಯಾರವಾನ್ ಪಾರ್ಕ್‌ನ ಸಾಮೂಹಿಕ ಅಡುಗೆಮನೆಯಲ್ಲಿ ಒಂದೊಂದು ಲೀಟರಿನ ಎರಡು ನೀರಿನ ಬಾಟಲಿಗಳನ್ನು ಹೆಪ್ಪುಗಟ್ಟಿಸಿ ಮೇಲಿನ ತಟ್ಟಿನಲ್ಲಿಟ್ಟೆವು. ಎರಡು ಕಿಲೋ ಮಂಜುಗಡ್ಡೆ ಕರಗುವಾಗ 668 ಕಿಲೋಜೂಲ್ ಹೀರುತ್ತದೆ, ಅಂದರೆ ಒಂಬತ್ತು ಗಂಟೆ ಕಾಲ 20 ವ್ಯಾಟ್‌ನ ಸಹಾಯ. ಬೆಳಿಗ್ಗೆ ಏಳಕ್ಕೆ 3 ಡಿಗ್ರಿಯೊಂದಿಗೆ ಹೊರಟೆವು. ಬಲಡೋನಿಯಾ ದಾಟಿ 146.6 ಕಿ.ಮೀ. ಒಂದು ತಿರುವೂ ಇಲ್ಲದ ನೇರ ದಾರಿ ಮುಗಿಸುವ ಹೊತ್ತಿಗೆ ಹೊರಗೆ 39, ಒಳಗೆ 5 ಡಿಗ್ರಿ. ಮಧ್ಯಾಹ್ನ ಮೂರೂವರೆಗೆ 6 ತಲುಪಿ ಒಂದು ಗಂಟೆ ಅಲ್ಲಿಯೇ ನಿಂತಿತು. ಕಾಕಲ್‌ಬಿಡ್ಡಿ ರೋಡ್‌ಹೌಸ್‌ನಲ್ಲಿ ವಿದ್ಯುತ್ ಸಂಪರ್ಕ ಸಿಕ್ಕ ಮೇಲೆ ಮತ್ತೆ ಐದರ ಕೆಳಗಿಳಿಯಿತು. ಎರಡು ಗಂಟೆಯ ಮಿತಿಯೊಳಗೇ ಇದ್ದುದರಿಂದ ಏನನ್ನೂ ಚೆಲ್ಲಲಿಲ್ಲ. ಅಮ್ಮ ಡಬ್ಬಿಯ ಮುಚ್ಚಳ ತೆಗೆದಾಗ ಮೊಸರಿನ ಮೇಲಿನ ಕೆನೆ ಸೀಳಿರಲಿಲ್ಲ, ನೀರು ಬಿಟ್ಟಿರಲಿಲ್ಲ; ಅಂದು ಮಜ್ಜಿಗೆಗೆ ಒಗ್ಗರಣೆ ಹಾಕಲು ಕರಿಬೇವೊಂದು ಇರಲಿಲ್ಲ.

ಈ ಫಲಿತಾಂಶಕ್ಕೆ ಹವಾಮಾನದ ಪಾಲೂ ಇದೆ. ಅಂದು ಬಿಸಿಲು ಎರಡು ಡಿಗ್ರಿ ಕಡಿಮೆಯಿತ್ತು, ಪೂರ್ವಕ್ಕೆ ಸಾಗುತ್ತಿದ್ದುದರಿಂದ ಫ್ರಿಜ್ಜಿನ ಗೋಡೆ ಹೆಚ್ಚು ಹೊತ್ತು ನೆರಳಿನಲ್ಲಿತ್ತು. 2019ರ ಡಿಸೆಂಬರ್‌ನಲ್ಲಿ ನಲ್ಲಾರ್ಬರ್‌ನಲ್ಲಿ 49.9 ಡಿಗ್ರಿ ದಾಖಲಾಗಿದೆ; ಅಂಥ ದಿನ ಈ ಬಗೆಯ ಫ್ರಿಜ್ ಎಷ್ಟೇ ಸರಿಪಡಿಸಿದರೂ ಸೋಲುತ್ತದೆಂಬುದೇ ನನ್ನ ಅಭಿಪ್ರಾಯ, ಏಕೆಂದರೆ ಅತ್ಯಂತ ಬಿಸಿ ಪ್ರದೇಶಕ್ಕೆಂದು ವರ್ಗೀಕರಿಸಿದ ಫ್ರಿಜ್ಜುಗಳ ಮಿತಿಯೇ 43 ಡಿಗ್ರಿ. ಪ್ರತಿ ಬೇಸಿಗೆಯಲ್ಲೂ ಈ ದಾರಿ ಹಿಡಿಯುವವರು ಕಂಪ್ರೆಸರ್ ಫ್ರಿಜ್ ಮತ್ತು ಅದಕ್ಕೆ ತಕ್ಕ ಲಿಥಿಯಂ ಬ್ಯಾಟರಿಗೆ ಹಣ ಹಾಕುವುದು ಲೇಸು. ವರ್ಷಕ್ಕೊಮ್ಮೆ, ಅದೂ ಹೆಚ್ಚಾಗಿ ಚಳಿಗಾಲದಲ್ಲಿ ಹೋಗುವ ನಮಗೆ ಇದೇ ಸಾಕು. ಬಾಗಿಲಿನ ತಟ್ಟು ಈಗಲೂ ಕೆಳಗಿನ ತಟ್ಟಿಗಿಂತ ಎರಡು ಡಿಗ್ರಿ ಬೆಚ್ಚಗಿರುತ್ತದೆ. ಆದ್ದರಿಂದ ಹಾಲು ಕೆಳಗೆ ಹೋಗಿದೆ. ಅಮ್ಮನ ಇನ್ಸುಲಿನ್ ಪೆಟ್ಟಿಗೆಯೊಳಗೆ ಹಿಂಬದಿಯಲ್ಲಿರುವ ತಣ್ಣನೆಯ ರೆಕ್ಕೆಗೆ ತಾಗಿ ಹೆಪ್ಪುಗಟ್ಟಬಾರದೆಂದು ಮಧ್ಯದ ತಟ್ಟಿನ ಮುಂಭಾಗದಲ್ಲಿ, ಎರಡನೆಯ ಉಷ್ಣಮಾಪಕದ ಪಕ್ಕದಲ್ಲೇ ಇರುತ್ತದೆ.